ವೆರ್ದಿ ಬರೆಯದೆ ಬಿಟ್ಟ ಲಿಯರ್

ಜುಸೆಪ್ಪೆ ವೆರ್ದಿಯ ಒಪೆರಾಗಳನ್ನು ಎಣಿಸುವವರು, ಅವನು ಮುಂದೆ ತಿದ್ದಿ ಬರೆದವನ್ನು ಬೇರೆ ಕೃತಿಗಳೆಂದು ಲೆಕ್ಕ ಹಿಡಿಯಬೇಕೋ ಬೇಡವೋ ಎಂದು ಇನ್ನೂ ಜಗ್ಗಾಡುತ್ತಾರೆ. ಬರೆಯದೆ ಬಿಟ್ಟದ್ದರ ವಿಷಯದಲ್ಲಿ ಆ ತಕರಾರಿಲ್ಲ. ಎಲ್ಲರ ಬಾಯಲ್ಲೂ ಬರುವುದು ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ಒಂದೇ. 1843ರಲ್ಲಿ, ಮೂವತ್ತರ ಹರೆಯದಲ್ಲಿ, ಅವನು ಅದರ ಹೆಸರೆತ್ತಿದ. ಎಂಬತ್ತು ದಾಟಿದ ಮೇಲೂ ಆ ಗುಂಗು ಪೂರ್ತಿ ಬಿಟ್ಟಿರಲಿಲ್ಲ. ಈ ನಡುವೆ ಲಿಬ್ರೆಟೊ, ಎಂದರೆ ಹಾಡಿಗೆ ಕೂರುವಂತೆ ಪದ್ಯದಲ್ಲಿ ಕಟ್ಟಿದ ನಾಟಕದ ಪಠ್ಯ, ಒಂದಲ್ಲ ಎರಡು ಸಲ ತಯಾರಾಯಿತು. ಥಿಯೇಟರಿನೊಡನೆ ಮಾತುಕತೆ ನಡೆಯಿತು. ಯಾವ ಪಾತ್ರ ಯಾರು ಹಾಡಬೇಕೆಂಬ ಚೌಕಾಸಿಯೂ ಆಯಿತು. ‘ರೆ ಲಿಯರ್’ ಎಂಬ ಒಪೆರಾ ಮಾತ್ರ ರಂಗದ ಮೇಲೆ ಬರಲಿಲ್ಲ.

ಯಾಕೆ ಬರಲಿಲ್ಲ ಎನ್ನುವುದಕ್ಕೆ ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ. ಮುದಿವಯಸ್ಸಿನ ವೆರ್ದಿ ತನ್ನ ಬಳಿಯಿದ್ದ ಲಿಯರ್ ಸಾಮಗ್ರಿಯನ್ನೆಲ್ಲ ತರುಣ ಸಂಗೀತಕಾರ ಪಿಯೆತ್ರೊ ಮಸ್ಕಾನ್ಯಿಗೆ ಕೊಡಲು ಮುಂದಾದನಂತೆ. ನೀವೇ ಯಾಕೆ ಬರೆಯಲಿಲ್ಲ ಎಂದು ಮಸ್ಕಾನ್ಯಿ ಕೇಳಿದಾಗ, ಬಯಲಿನಲ್ಲಿ ಬಿರುಗಾಳಿಯ ನಡುವೆ ಲಿಯರ್ ಒಬ್ಬನೇ ನಿಲ್ಲುವ ದೃಶ್ಯ ನನ್ನನ್ನು ಹೆದರಿಸಿತು ಎಂದನಂತೆ. ಕಥೆ ಸೊಗಸಾಗಿದೆ. ಮಹಾನಾಟಕದ ಎದುರು ಮಹಾಸಂಗೀತಗಾರ ತಲೆಬಾಗಿದ ಎಂಬ ಚಿತ್ರ ಓದುಗರಿಗೂ ಹಿತ, ಷೇಕ್ಸ್‌ಪಿಯರನ ಭಕ್ತರಿಗೂ ಹಿತ. ಆದರೆ ವೆರ್ದಿಯ ಕಾಗದಗಳನ್ನು ವರ್ಷವಾರು ಇಟ್ಟುಕೊಂಡು ನೋಡಿದರೆ ಅವನ ಕೈ ತಡೆದದ್ದು ಬಿರುಗಾಳಿಯಲ್ಲ, ಲಿಯರನೂ ಅಲ್ಲ. ತಡೆದವಳು ಕಾರ್ಡೀಲಿಯಾ. ಮಾತಾಡಲು ಒಲ್ಲದ, ನಾಟಕದ ಬಹುಭಾಗ ರಂಗದ ಮೇಲೇ ಇಲ್ಲದ ಒಬ್ಬ ಹೆಣ್ಣುಮಗಳಿಗೆ ಆ ಕಾಲದ ಇಟಲಿಯ ಒಪೆರಾ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ. ಜಾಗ ಮಾಡಿಕೊಡಲು ಹೋದರೆ ಅವಳು ಕಾರ್ಡೀಲಿಯಾ ಆಗಿ ಉಳಿಯುತ್ತಿರಲಿಲ್ಲ.

ಮೊದಲ ಉಲ್ಲೇಖ ಈ ವಾದಕ್ಕೆ ಅನುಕೂಲವಾಗಿಲ್ಲ ಎಂಬುದನ್ನು ಮೊದಲೇ ಒಪ್ಪಬೇಕು. 1843ರಲ್ಲಿ ವೆನಿಸ್ಸಿನ ಲಾ ಫೆನೀಚೆ ಥಿಯೇಟರಿಗೆ ಹೊಸ ಒಪೆರಾ ಕೊಡಬೇಕಿತ್ತು. ಜಾರ್ಜೊ ರೊಂಕೋನಿಯಂಥ ಗಾಯಕ ಸಿಕ್ಕಿದ್ದರೆ ‘ಲಿಯರ್’ ಇಲ್ಲವೇ ಬೈರನ್‌ನ ‘ಕೊರ್ಸೇರ್’ ಆರಿಸಿಕೊಳ್ಳುತ್ತಿದ್ದೆ ಎಂದು ವೆರ್ದಿ ಅಲ್ಲಿನವರಿಗೆ ಬರೆದ. ರೊಂಕೋನಿ ಹಿಂದಿನ ವರ್ಷವಷ್ಟೇ ಮಿಲಾನಿನ ಲಾ ಸ್ಕಾಲಾದಲ್ಲಿ ‘ನಬುಕ್ಕೊ’ದ ಹೆಸರಿನ ಪಾತ್ರ ಹಾಡಿದ ಬ್ಯಾರಿಟೋನ್. ಅಂದರೆ ಆಗ ಕೊರತೆ ಇದ್ದದ್ದು ಲಿಯರ್‌ಗೇ. ವೆನಿಸ್ಸಿಗೆ ಕೊನೆಗೆ ಸಿಕ್ಕಿದ್ದು ‘ಎರ್ನಾನಿ’. ಇಲ್ಲಿ ಗಮನಿಸಬೇಕಾದದ್ದು ಬೇರೆ: ವಸ್ತುವನ್ನು ಆರಿಸುವ ಮುಂಚೆ ದನಿ ಇದೆಯೇ ಎಂದು ನೋಡುವುದು ಅವನ ಚಪಲವಾಗಿರಲಿಲ್ಲ, ಅವನ ಕಸುಬಿನ ರೀತಿಯೇ ಹಾಗಿತ್ತು. ಥಿಯೇಟರನ್ನು ಗುತ್ತಿಗೆ ಹಿಡಿದ ಇಂಪ್ರೆಸಾರಿಯೊ ಒಂದು ಋತುವಿಗೆ ಗಾಯಕರ ತಂಡವನ್ನು ಮೊದಲು ಗೊತ್ತು ಮಾಡಿಕೊಳ್ಳುತ್ತಿದ್ದ; ಆ ತಂಡಕ್ಕೆ ಅಳತೆ ಮಾಡಿ ಸಂಗೀತಗಾರ ಒಪೆರಾ ಹೊಲಿದುಕೊಡುತ್ತಿದ್ದ. ತಂಡದಲ್ಲಿ ಒಬ್ಬಳು ಪ್ರಿಮಾ ಡೊನ್ನಾ, ಒಬ್ಬ ಮೊದಲ ಟೆನರ್, ಒಬ್ಬ ಮೊದಲ ಬ್ಯಾರಿಟೋನ್, ಅವರ ಕೆಳಗೆ ಎರಡನೆಯ ಸಾಲಿನವರು. ಪ್ರಿಮಾ ಡೊನ್ನಾ ಎಂಬುದು ಬರೀ ಹೊಗಳಿಕೆಯ ಮಾತಲ್ಲ, ಒಪ್ಪಂದದಲ್ಲಿ ಬರೆದ ಹುದ್ದೆ. ಆ ಹುದ್ದೆಯವಳು ಎಲ್ಲರಿಗಿಂತ ಹೆಚ್ಚು ಇಲ್ಲವೇ ಎಲ್ಲರಿಗೆ ಸಮ ಸಂಬಳ ಪಡೆಯುತ್ತಿದ್ದಳು. ರಂಗಕ್ಕೆ ಬಂದೊಡನೆ ಅವಳಿಗೊಂದು ಹಾಡು, ನಿಧಾನದ ಭಾಗ ಮುಗಿದ ಮೇಲೆ ಚುರುಕಿನ ಭಾಗ, ನಡುವೆ ಯುಗಳಗೀತೆಗಳು, ಕೊನೆಯ ಅಂಕದಲ್ಲಿ ಇನ್ನೊಂದು ಹಾಡು, ಇಷ್ಟು ಇರಲೇಬೇಕು. ಇದಕ್ಕೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು.

ಈ ಅಚ್ಚಿನಲ್ಲಿ ಲಿಯರನನ್ನು ಕೂರಿಸಿ ನೋಡಿ. ಕನ್ನಡ ಓದುಗರಿಗೆ ಕಥೆ ಹೊಸದಲ್ಲ, ಎಂ. ಎಸ್. ಪುಟ್ಟಣ್ಣನವರ ‘ಹೇಮಚಂದ್ರರಾಜ ವಿಲಾಸ’ವಾಗಿ, ಮಾಸ್ತಿಯವರ ‘ಲಿಯರ್ ಮಹಾರಾಜ’ನಾಗಿ ಅದು ನಮ್ಮಲ್ಲಿಗೆ ಬಂದಿದೆ. ಮುದಿ ರಾಜ ರಾಜ್ಯ ಹಂಚುವಾಗ ಮೂವರು ಹೆಣ್ಣುಮಕ್ಕಳೂ ತಮ್ಮ ಪ್ರೀತಿ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು. ಹಿರಿಯರಿಬ್ಬರು ಬಣ್ಣಬಣ್ಣವಾಗಿ ಹೇಳುತ್ತಾರೆ, ಕಿರಿಯಳು ಕಾರ್ಡೀಲಿಯಾ ಹೇಳಲು ಏನೂ ಇಲ್ಲ ಎನ್ನುತ್ತಾಳೆ. ಆಮೇಲೆ ಅವಳು ಫ್ರಾನ್ಸಿಗೆ ಹೋದವಳು ನಾಲ್ಕನೆಯ ಅಂಕದವರೆಗೆ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಮೂರು ಸಾವಿರ ಸಾಲು ಮೀರಿದ ನಾಟಕದಲ್ಲಿ ಅವಳ ಪಾಲು ನೂರಕ್ಕೆ ತುಸು ಮೇಲೆ. ಕೊನೆಯಲ್ಲಿ ತಂದೆಯ ತೋಳಿನಲ್ಲಿ ಹೆಣವಾಗಿ ಬರುತ್ತಾಳೆ. ನಾಟಕದ ಓದುಗನಿಗೆ ಈ ಗೈರುಹಾಜರಿಯೇ ಅವಳ ಶಕ್ತಿ. ಅವಳಿಲ್ಲದ ಸುಮಾರು ಮೂರು ಅಂಕಗಳಲ್ಲಿ ಅವಳು ಬೆಳೆಯುತ್ತ ಹೋಗುತ್ತಾಳೆ. ಇಂಪ್ರೆಸಾರಿಯೊನ ಲೆಕ್ಕದಲ್ಲಿ ಮಾತ್ರ ಇದು ಸಂಜೆಯೆಲ್ಲ ಡ್ರೆಸಿಂಗ್ ರೂಮಿನಲ್ಲಿ ಕೂತು ಸಂಬಳ ಎಣಿಸುವ ಪ್ರಿಮಾ ಡೊನ್ನಾ. 1847ರಲ್ಲಿ ಫ್ಲಾರೆನ್ಸಿಗೆ ‘ಮ್ಯಾಕ್‌ಬೆತ್’ ಬರೆದಾಗ ಈ ತೊಡಕು ಇರಲಿಲ್ಲ. ಲೇಡಿ ಮ್ಯಾಕ್‌ಬೆತ್ ಕಾಗದ ಓದುತ್ತ ಬರುತ್ತಾಳೆ, ಗಂಡನಿಗೆ ಕುಮ್ಮಕ್ಕು ಕೊಡುತ್ತಾಳೆ, ಔತಣದಲ್ಲಿ ಪಾನಗೀತೆ ಹಾಡುತ್ತಾಳೆ, ನಿದ್ದೆಯಲ್ಲಿ ನಡೆಯುತ್ತಾಳೆ. ಷೇಕ್ಸ್‌ಪಿಯರ್ ಪ್ರಿಮಾ ಡೊನ್ನಾಗೆಂದೇ ಬರೆದುಕೊಟ್ಟನೇನೋ ಎನ್ನುವಂಥ ಪಾತ್ರ.

1850ರ ಫೆಬ್ರವರಿ 28ರಂದು ವೆರ್ದಿ ನೇಪಲ್ಸಿನ ಲಿಬ್ರೆಟೊಕಾರ ಸಾಲ್ವಡೋರೆ ಕಮ್ಮರಾನೊಗೆ ಲಿಯರ್‌ನ ಗದ್ಯರೂಪದ ನಕ್ಷೆಯನ್ನೇ ಕಳಿಸಿದ. ಜತೆಗಿದ್ದ ಕಾಗದ ಈ ಇಡೀ ಯೋಜನೆಯ ಅತಿ ಮುಖ್ಯ ದಾಖಲೆ ಎಂದು ನನ್ನ ಎಣಿಕೆ. ಮೊದಲ ನೋಟಕ್ಕೆ ಈ ನಾಟಕ ಎಷ್ಟು ವಿಸ್ತಾರ, ಎಷ್ಟು ಸಿಕ್ಕುಸಿಕ್ಕೆಂದರೆ ಒಪೆರಾ ಆಗುವುದು ಅಸಾಧ್ಯವೆನಿಸುತ್ತದೆ, ಆದರೆ ಕೂತು ನೋಡಿದರೆ ಕಷ್ಟಗಳು ದಾಟಲಾರದವೇನಲ್ಲ ಎಂದು ಅವನು ಶುರುಮಾಡುತ್ತಾನೆ. ರೂಢಿಯ ಚೌಕಟ್ಟನ್ನು ಲೆಕ್ಕಿಸದೆ, ತೀರ ಹೊಸ ರೀತಿಯಲ್ಲಿ, ವಿಶಾಲವಾಗಿ ಮಾಡಬೇಕು ಎನ್ನುತ್ತಾನೆ. ಎಂಟೊಂಬತ್ತು ದೃಶ್ಯಗಳಿಗೆ ಇಳಿಸಬಹುದು, ನನ್ನ ‘ಇ ಲೊಂಬಾರ್ದಿ’ಯಲ್ಲಿ ಹನ್ನೊಂದಿದ್ದರೂ ಪ್ರದರ್ಶನಕ್ಕೆ ಅಡ್ಡಿಯಾಗಿಲ್ಲವಲ್ಲ ಎಂದು ಧೈರ್ಯ ತುಂಬುತ್ತಾನೆ. ಮುಖ್ಯ ಪಾತ್ರಗಳು ಐದು: ಲಿಯರ್, ಕಾರ್ಡೀಲಿಯಾ, ವಿದೂಷಕ, ಎಡ್ಮಂಡ್, ಎಡ್ಗರ್. ಹಿರಿಯ ಹೆಣ್ಣುಮಕ್ಕಳಾದ ರೀಗನ್ ಮತ್ತು ಗೊನೆರಿಲ್ ಎರಡನೆಯ ಸಾಲಿಗೆ ಹೋಗುತ್ತಾರೆ. ಬೇಕಾದರೆ ಗೊನೆರಿಲ್‌ಳನ್ನು ಒಂದು ಮೆಟ್ಟಿಲು ಏರಿಸಬಹುದಂತೆ. ಆಮೇಲೆ ಒಂದು ಪ್ರಶ್ನೆ ಬರುತ್ತದೆ. ಕಾರ್ಡೀಲಿಯಾಳಿಗೆ ಪಾಲು ತಪ್ಪಿಸಲು ಇರುವ ಕಾರಣ ನಮ್ಮ ಕಾಲಕ್ಕೆ ಸ್ವಲ್ಪ ಮಕ್ಕಳಾಟದಂತೆ ಕಾಣುವುದಿಲ್ಲವೇ?

ಬಿರುಗಾಳಿಯ ಬಗ್ಗೆ, ಹುಚ್ಚಿನ ಬಗ್ಗೆ, ಬಯಲಿನ ಬಗ್ಗೆ ಇಲ್ಲಿ ಅಳುಕಿನ ಮಾತೇ ಇಲ್ಲ. ಅಳುಕು ಇರುವುದು ಒಂದೇ ಕಡೆ, ಮಗಳ ಮೌನದಲ್ಲಿ. ಬೇರಾವುದನ್ನೂ ಸಣ್ಣದೆನ್ನದ ವೆರ್ದಿ ಇದನ್ನು ಮಕ್ಕಳಾಟ ಎಂದದ್ದು ಅವನಿಗೆ ಷೇಕ್ಸ್‌ಪಿಯರ್ ಅರ್ಥವಾಗಲಿಲ್ಲ ಎಂದಲ್ಲ. ಮಾತಿನ ನಾಟಕದಲ್ಲಿ, ಇಬ್ಬರು ಅಲಂಕಾರದ ಮಾತಾಡಿದ ಬಳಿಕ ಮೂರನೆಯವಳು ಸುಮ್ಮನಾದರೆ ಆ ಸುಮ್ಮನಿರುವಿಕೆ ಏಟಿನಂತೆ ಬೀಳುತ್ತದೆ. ಒಪೆರಾದಲ್ಲಿ ಪ್ರಿಮಾ ಡೊನ್ನಾ ಬಂದು ಹಾಡಲು ನಿರಾಕರಿಸಿದರೆ ಗ್ಯಾಲರಿಯವರು ಅವಳಿಗೆ ಶೀತವಾಗಿದೆ ಎಂದುಕೊಂಡಾರು. ಅಕ್ಕಂದಿರ ಹೊಗಳಿಕೆಗೆ ಒಳ್ಳೆಯ ರಾಗ ಹಾಕಿದರೆ ಆ ಹೊಗಳಿಕೆ ನಿಜವೆಂದೇ ಕೇಳಿಸುತ್ತದೆ. ಸಂಗೀತದಲ್ಲಿ ಮುಖಸ್ತುತಿಯನ್ನು ಮುಖಸ್ತುತಿಯೆಂದು ತೋರಿಸುವುದು ಬಲು ಕಷ್ಟದ ಕೆಲಸ. ಕಿರಿಯಳು ಹಾಡಿದರೆ ಅವಳೂ ಅದೇ ಸಾಲಿಗೆ ಸೇರಿದಳು, ಹಾಡದಿದ್ದರೆ ಪಾತ್ರವೇ ಇಲ್ಲವಾಯಿತು. ಆದ್ದರಿಂದಲೇ ಅವನಿಗೆ ಬೇರೆ ಕಾರಣ ಬೇಕಿತ್ತು. ಕಮ್ಮರಾನೊ ಕೊಡಲಿಲ್ಲ, 1852ರ ಜುಲೈನಲ್ಲಿ, ‘ಇಲ್ ತ್ರೊವತೋರೆ’ಯ ಪದ್ಯ ಪೂರ್ತಿಯಾಗುವ ಮುನ್ನವೇ, ತೀರಿಕೊಂಡ.

ಇಲ್ಲಿ ಆಕ್ಷೇಪ ಏಳುತ್ತದೆ. ವೆರ್ದಿ ತಾನೇ ಬೇರೆ ಕಾರಣ ಕೊಟ್ಟಿದ್ದಾನಲ್ಲ? 1853ರಲ್ಲಿ ವೆನಿಸ್ಸಿನಲ್ಲಿದ್ದ ವಕೀಲ, ನಾಟಕಕಾರ ಆಂಟೊನಿಯೊ ಸೊಮ್ಮಾ ಲಿಬ್ರೆಟೊ ಬರೆದುಕೊಡಲು ಮುಂದೆ ಬಂದಾಗ ವೆರ್ದಿ ಲಿಯರನನ್ನೇ ಸೂಚಿಸಿದ. ಆ ಬೇಸಗೆಯ ಕಾಗದಗಳಲ್ಲಿ ಅವನಿಗೆ ಎರಡು ಚಿಂತೆ: ಒಪೆರಾ ಉದ್ದವಾಗಿಬಿಡುತ್ತದೆ, ದೃಶ್ಯಗಳು ಪದೇಪದೇ ಬದಲಾಗುತ್ತವೆ. ಷೇಕ್ಸ್‌ಪಿಯರನ ವಸ್ತುಗಳನ್ನು ಹೆಚ್ಚು ಮುಟ್ಟದಂತೆ ನನ್ನನ್ನು ತಡೆದದ್ದೇ ಈ ದೃಶ್ಯ ಬದಲಾವಣೆ, ಥಿಯೇಟರಿನಲ್ಲಿ ಅದನ್ನು ನೋಡುವಾಗ ಮಾಯಾದೀಪದ ಚಿತ್ರಗಳು ಸರಿದಂತೆ ಹಿಂಸೆಯಾಗುತ್ತಿತ್ತು, ಅಂಕಕ್ಕೊಂದೇ ದೃಶ್ಯವೆನ್ನುವ ಫ್ರೆಂಚರದೇ ಸರಿ ಎಂದು ಬರೆಯುತ್ತಾನೆ. ಇದನ್ನು ತಳ್ಳಿಹಾಕುವಂತಿಲ್ಲ. ಚಿತ್ರಿಸಿದ ಪರದೆ, ಮರದ ಚೌಕಟ್ಟು, ಕೈಯಿಂದ ಎಳೆಯುವ ಹಗ್ಗಗಳ ಕಾಲದಲ್ಲಿ ಅರಮನೆಯಿಂದ ಬಯಲಿಗೆ, ಬಯಲಿಂದ ಗುಡಿಸಲಿಗೆ ಓಡುವ ನಾಟಕ ನಿಜಕ್ಕೂ ತಲೆನೋವು. ಆದರೆ ಈ ತೊಡಕು ಬಗೆಹರಿಯಿತು ಎಂಬುದೇ ಮುಖ್ಯ. ಎಡ್ಮಂಡ್, ಎಡ್ಗರ್ ಇಬ್ಬರ ತಂದೆ ಗ್ಲಾಸ್ಟರ್‌ನ ಉಪಕಥೆಯನ್ನು ಬಹುಮಟ್ಟಿಗೆ ಕತ್ತರಿಸಿದರು. ಸೊಮ್ಮಾ 1853ರಲ್ಲಿ ಮೊದಲ ಪ್ರತಿ ಮುಗಿಸಿದ, 1855ರಲ್ಲಿ ತಿದ್ದಿದ ಪ್ರತಿ ಕೊಟ್ಟ. ಎರಡು ವರ್ಷದ ಓಲೆವ್ಯವಹಾರದಲ್ಲಿ ವೆರ್ದಿ ಒಂದೊಂದು ದೃಶ್ಯವನ್ನೂ ಕಡಿದು ಜೋಡಿಸಿದ. ವಿದೂಷಕನ ಪಾತ್ರವೆಂದರೆ ಅವನಿಗೆ ಅಕ್ಕರೆ. ಅದನ್ನು ಹೆಣ್ಣುದನಿಯ ಕಂಟ್ರಾಲ್ಟೊಗೆ ಕೊಡಬೇಕೆಂದು ತೀರ್ಮಾನಿಸಿದ. ಈ ಪಠ್ಯಗಳು ಬರೀ ದಂತಕಥೆಯಲ್ಲ. ವೆರ್ದಿಯ ಮನೆತನದ ಬಳಿ ಉಳಿದು, 2002ರಲ್ಲಿ ಪಾರ್ಮಾದಲ್ಲಿ ಅಚ್ಚಾದವು. ಪಠ್ಯ ಸಿದ್ಧವಾದ ಮೇಲೂ ಒಪೆರಾ ಬರಲಿಲ್ಲವೆಂದರೆ ದೃಶ್ಯ ಬದಲಾವಣೆಯನ್ನು ಕಾರಣವೆಂದು ಹೇಳುತ್ತ ಕೂರಲಾಗದು.

ನೇಪಲ್ಸಿನ ಪ್ರಸಂಗಕ್ಕೆ ಬರೋಣ. ಪುರಾವೆ ದಟ್ಟವಾಗಿರುವುದು ಅಲ್ಲೇ. 1856ರಿಂದ ಸಾನ್ ಕಾರ್ಲೊ ಥಿಯೇಟರಿನ ಆಡಳಿತದ ಕಾರ್ಯದರ್ಶಿ ವಿಂಚೆಂಜೊ ತೊರೆಲ್ಲಿಯೊಡನೆ ಹೊಸ ಒಪೆರಾದ ಮಾತು ನಡೆದಿತ್ತು, ವೆರ್ದಿಯ ಮನಸ್ಸಿನಲ್ಲಿದ್ದದ್ದು ಲಿಯರ್. ಅವನ ಬೇಡಿಕೆ ಸ್ಪಷ್ಟ. ಲಿಯರ್‌ಗೆ ಒಬ್ಬ ಮಹಾ ಬ್ಯಾರಿಟೋನ್ ಬೇಕು, ಕಾರ್ಡೀಲಿಯಾಗೆ ದನಿ ದೊಡ್ಡದಿರಬೇಕಾಗಿಲ್ಲ, ಭಾವ ತುಂಬಿದ ಕಲಾವಿದೆ ಬೇಕು. ಬ್ಯಾರಿಟೋನ್ ಸಿಕ್ಕಿದ್ದ: ಫಿಲಿಪ್ಪೊ ಕೊಲೆತ್ತಿ. 1854ರಲ್ಲಿ ವೆನಿಸ್ಸಿನ ಎರಡನೆಯ ಪ್ರಯತ್ನದಲ್ಲಿ ‘ಲಾ ತ್ರಾವಿಯಾತಾ’ ಗೆದ್ದಾಗ ಜೆರ್ಮೋಂಟ್ ಹಾಡಿದವನು, ವೆರ್ದಿಯೇ ಲಿಯರ್‌ಗೆ ಬಯಸಿದವನು. ಕಾರ್ಡೀಲಿಯಾಗೆ ಅವನು ಕೇಳಿದ್ದು ಮರಿಯಾ ಪಿಕ್ಕೊಲೊಮಿನಿಯನ್ನು. ಸಿಯೆನಾದ ಕುಲೀನ ಮನೆತನದ, ಇಪ್ಪತ್ತು ದಾಟಿದ ಈ ತರುಣಿ 1856ರಲ್ಲಿ ಲಂಡನ್ನಿಗೆ ಮೊದಲ ಬಾರಿ ‘ತ್ರಾವಿಯಾತಾ’ದ ನಾಯಕಿ ವಿಯೊಲೆತ್ತಾಳನ್ನು ತೋರಿಸಿದ್ದಳು. ಅಲ್ಲಿನ ಕೆಲವು ವಿಮರ್ಶಕರು ಅವಳ ದನಿಯಲ್ಲಿ ಹುರುಳಿಲ್ಲ ಎಂದರು, ಜನ ಅವಳ ಅಭಿನಯಕ್ಕೆ ಮುಗಿಬಿದ್ದರು. ಸಾನ್ ಕಾರ್ಲೊ ಅವಳನ್ನು ತರಲಿಲ್ಲ. ಬದಲಿಗೆ ತನ್ನ ತಂಡದಲ್ಲಿದ್ದ ರೊಸೀನಾ ಪೆಂಕೊಳನ್ನು ಮುಂದಿಟ್ಟಿತು. ಪೆಂಕೊ ಸಾಮಾನ್ಯಳಲ್ಲ, 1853ರಲ್ಲಿ ರೋಮಿನಲ್ಲಿ ‘ತ್ರೊವತೋರೆ’ಯ ಮೊದಲ ಲಿಯೊನೋರಾ ಅವಳೇ. ವೆರ್ದಿ ಒಪ್ಪಲಿಲ್ಲ. ಯಾವ ಗಾಯಕಿಯನ್ನೂ ಯಾರೂ ನನ್ನ ಮೇಲೆ ಹೇರಲಾಗದು, ಮಹಾಗಾಯಕಿ ಮಲಿಬ್ರಾನ್ ಸತ್ತವಳು ಎದ್ದುಬಂದರೂ ಅಷ್ಟೇ ಎಂಬರ್ಥದಲ್ಲಿ ತೊರೆಲ್ಲಿಗೆ ಬರೆದ. 1857ರ ಬೇಸಗೆ ಕಳೆಯುವ ಹೊತ್ತಿಗೆ ಲಿಯರ್ ಬದಿಗೆ ಸರಿದಿತ್ತು. ಸ್ಕ್ರೀಬ್‌ನ ಒಂದು ಫ್ರೆಂಚ್ ಲಿಬ್ರೆಟೊ ಮೇಜಿನ ಮೇಲಿತ್ತು, ಸ್ವೀಡನ್ನಿನ ರಾಜ ಮೂರನೆಯ ಗುಸ್ತಾವ್‌ನ ಕೊಲೆಯ ಕಥೆ.

ಇದು ನೆವ ಎನ್ನುವವರಿದ್ದಾರೆ. ಬರೆಯಲು ಧೈರ್ಯ ಸಾಲದವನಿಗೆ ಗಾಯಕಿ ಸರಿಯಿಲ್ಲ ಎನ್ನುವುದಕ್ಕಿಂತ ಸುಲಭದ ತಪ್ಪಿಸಿಕೊಳ್ಳುವ ದಾರಿ ಯಾವುದಿದೆ ಎಂದು ಅವರ ಕೇಳಿಕೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಲಿಯರ್ ಬಿದ್ದ ಮೇಲೆ ನಡೆದದ್ದನ್ನು ನೋಡಬೇಕು. ಅದೇ ಥಿಯೇಟರು, ಅದೇ ಋತು, ಅದೇ ತಂಡ: ಪೆಂಕೊ, ಟೆನರ್ ಫ್ರಸ್ಕೀನಿ, ಬ್ಯಾರಿಟೋನ್ ಕೊಲೆತ್ತಿ. ಗುಸ್ತಾವ್‌ನ ಕಥೆಗೆ ಅವರೆಲ್ಲ ಅವನಿಗೆ ಒಪ್ಪಿಗೆಯಾದರು, ಪದ್ಯ ಬರೆದವನೂ ಸೊಮ್ಮಾನೇ. ಬೂರ್ಬನ್ ದೊರೆಯ ಸೆನ್ಸಾರಿನವರು ರಾಜಹತ್ಯೆ ರಂಗದ ಮೇಲೆ ಬೇಡವೆಂದು ಕೊಕ್ಕೆ ಹಾಕಿ ಅದು ನೇಪಲ್ಸಿನಲ್ಲಿ ನಡೆಯದೆ, 1859ರ ಫೆಬ್ರವರಿ 17ರಂದು ರೋಮಿನಲ್ಲಿ ‘ಉನ್ ಬಾಲ್ಲೊ ಇನ್ ಮಾಸ್ಕೆರಾ’ ಎಂಬ ಹೆಸರಲ್ಲಿ ತೆರೆಕಂಡದ್ದು ಬೇರೆ ಮಾತು. ಅದರ ನಾಯಕಿ ಅಮೇಲಿಯಾ ಹಾಡಲು ಸಾಕಾದ ಪೆಂಕೊ ಕಾರ್ಡೀಲಿಯಾ ಹಾಡಲು ಸಾಲಲಿಲ್ಲ. ವೆರ್ದಿಗೆ ಹೆದರಿಕೆ ಲಿಯರ್ ಪಾತ್ರದ್ದಾಗಿದ್ದರೆ, ಕೊಲೆತ್ತಿ ಕೈಗೆ ಬಂದಾಗ ಅವನು ಬೇರೆ ನೆವ ಹುಡುಕಬೇಕಿತ್ತು. ಹುಡುಕಿದ್ದು ಹೆಣ್ಣುದನಿಯ ಕಡೆಗೆ. ಅಲ್ಲದೆ ಈ ಬಗೆಯ ಹಟ ಅವನಲ್ಲಿ ಹೊಸದೂ ಅಲ್ಲ. 1848ರಲ್ಲಿ ಇದೇ ನೇಪಲ್ಸಿನಲ್ಲಿ ‘ಮ್ಯಾಕ್‌ಬೆತ್’ಗೆ ಹೆಸರಾಂತ ಗಾಯಕಿ ತದೊಲೀನಿಯನ್ನು ಗೊತ್ತುಮಾಡಿದಾಗ, ಅವಳು ಚೆಲುವೆ, ಅವಳ ದನಿ ಹೊಳೆಯುತ್ತದೆ, ನನಗೆ ಬೇಕಾದದ್ದು ಕರ್ಕಶವಾದ, ಉಸಿರುಗಟ್ಟಿದ ಕತ್ತಲ ದನಿ ಎಂದು ಕಮ್ಮರಾನೊಗೆ ಬರೆದಿದ್ದ. ಒಪೆರಾ ಆಗಲೇ ಗೆದ್ದಿತ್ತು, ತಪ್ಪಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲ. ದನಿಯ ಬಣ್ಣ ಪಾತ್ರಕ್ಕೆ ಕೂಡಬೇಕು ಎಂಬುದು ಅವನ ನಂಬಿಕೆ, ಅಷ್ಟೆ.

ಪಿಕ್ಕೊಲೊಮಿನಿಯನ್ನೇ ಯಾಕೆ ಕೇಳಿದ ಎಂಬುದರಲ್ಲಿ ಇನ್ನೊಂದು ಸುಳಿವಿದೆ. ದನಿ ಚಿಕ್ಕದು, ಮುಖದಲ್ಲಿ ಮೈಯಲ್ಲಿ ಮಾತಾಡಬಲ್ಲವಳು: ಇದು ಸುಮ್ಮನಿದ್ದೂ ರಂಗ ತುಂಬಬಲ್ಲ ನಟಿಯ ಲಕ್ಷಣ. ಹಾಡದ ಹೊತ್ತಿನಲ್ಲೂ ಜನ ನೋಡುವಂಥವಳು ಸಿಕ್ಕರೆ ಕಾರ್ಡೀಲಿಯಾಳ ಮೌನಕ್ಕೆ ಒಂದು ಉಪಾಯವಾಗುತ್ತಿತ್ತು. ವಿಪರ್ಯಾಸವೆಂದರೆ ಅಂಥವಳನ್ನು ಅವನು ಕೇಳಿದ್ದು ಸಾನ್ ಕಾರ್ಲೊದಂಥ ಯುರೋಪಿನ ಅತಿ ದೊಡ್ಡ ಸಭಾಂಗಣಗಳಲ್ಲೊಂದಕ್ಕೆ; ಅಲ್ಲಿಯ ಮೇಲಿನ ಬಾಕ್ಸಿನಿಂದ ಮುಖಭಾವ ಎಷ್ಟು ಕಂಡೀತು?

ಇನ್ನೊಂದು ಬಗೆಯ ವಿವರಣೆ ಮನಸ್ಸಿನ ಒಳಗೆ ಇಳಿಯುತ್ತದೆ. ವೆರ್ದಿ 1838ರಲ್ಲಿ ಮಗಳನ್ನು, 1839ರಲ್ಲಿ ಮಗನನ್ನು, 1840ರಲ್ಲಿ ಹೆಂಡತಿ ಮಾರ್ಗರಿತಾಳನ್ನು ಕಳೆದುಕೊಂಡವನು. ಸತ್ತ ಮಗಳನ್ನು ತಂದೆ ಎತ್ತಿಕೊಂಡು ಬರುವ ದೃಶ್ಯ ಅವನಿಗೆ ತಡೆಯಲಾರದ್ದಾಗಿತ್ತು ಎನ್ನುತ್ತಾರೆ. ಕರುಣೆ ಹುಟ್ಟಿಸುವ ವಾದ, ಆದರೆ ಅವನ ಕೃತಿಗಳೇ ಇದಕ್ಕೆ ವಿರುದ್ಧ ಸಾಕ್ಷಿ. ತಂದೆ ಮಗಳ ಸಂಬಂಧಕ್ಕೆ ಅವನು ಮರಳಿ ಮರಳಿ ಬಂದಷ್ಟು ಬೇರೆ ಯಾವುದಕ್ಕೂ ಬಂದಿಲ್ಲ. ‘ಸಿಮೊನ್ ಬೊಕ್ಕನೇಗ್ರಾ’ದಲ್ಲಿ ಕಳೆದುಹೋದ ಮಗಳು ಸಿಗುತ್ತಾಳೆ, ‘ಐದಾ’ದಲ್ಲಿ ತಂದೆಯೇ ಮಗಳನ್ನು ದ್ರೋಹಕ್ಕೆ ನೂಕುತ್ತಾನೆ. ಲಿಯರ್‌ನ ನಕ್ಷೆ ಕಳಿಸಿದ ಒಂದು ವರ್ಷ ಹನ್ನೊಂದು ದಿನಕ್ಕೆ, 1851ರ ಮಾರ್ಚ್ 11ರಂದು, ವೆನಿಸ್ಸಿನಲ್ಲಿ ‘ರಿಗೊಲೆತ್ತೊ’ ಬಂತು. ಅದರ ನಾಯಕ ಆಸ್ಥಾನದ ವಿದೂಷಕನೂ ಹೌದು, ಮಗಳನ್ನು ಕಳೆದುಕೊಳ್ಳುವ ತಂದೆಯೂ ಹೌದು. ಲಿಯರ್ ಮತ್ತು ಅವನ ವಿದೂಷಕ ಇಬ್ಬರೂ ಒಂದೇ ಗೂನುಬೆನ್ನಿನೊಳಗೆ ಸೇರಿಹೋಗಿದ್ದಾರೆ. ಕೊನೆಯಲ್ಲಿ ಅವನು ಗೋಣಿಚೀಲ ಬಿಚ್ಚಿ ಮಗಳನ್ನು ಕಾಣುತ್ತಾನೆ. ದುಃಖಕ್ಕೆ ಹೆದರಿದವನು ಈ ದೃಶ್ಯ ಬರೆಯುತ್ತಿರಲಿಲ್ಲ. ಆದರೆ ಆ ಮಗಳು ಜಿಲ್ದಾ ಚೀಲದಲ್ಲಿ ಇನ್ನೂ ಜೀವದಿಂದಿದ್ದಾಳೆ. ತಂದೆಯ ಜತೆ ಯುಗಳಗೀತೆ ಹಾಡಿಯೇ ಸಾಯುತ್ತಾಳೆ. ಕಾರ್ಡೀಲಿಯಾ ಹಾಗೆ ಹಾಡುವಂತಿಲ್ಲ. ಷೇಕ್ಸ್‌ಪಿಯರನ ನಾಟಕದಲ್ಲಿ ಅವಳು ಸತ್ತೇ ಬರುತ್ತಾಳೆ.

ಸೊಮ್ಮಾನ ಪಠ್ಯ ಈ ಮೌನವನ್ನು ಒಡೆಯಲು ನೋಡಿತು. ಅದರಲ್ಲಿ ಅವಳಿಗೆ ಹಾಡುಗಳಿವೆ, ತವರು ತೊರೆದು ಅನಾಥೆಯಂತೆ ಪರದೇಶಕ್ಕೆ ಹೊರಡುವಾಗಿನ ಅಳಲೂ ಇದೆ. ಈ ಅಳಲಿನ ಪದ್ಯಕ್ಕೆ ಮುಂದೆ ಬೇರೆ ಬಾಳು ಸಿಕ್ಕಿತು. 1862ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬಂದ ‘ಲಾ ಫೋರ್ಜಾ ದೆಲ್ ದೆಸ್ತೀನೊ’ದ ಮೊದಲ ಅಂಕದಲ್ಲಿ ಲಿಯೊನೋರಾ ಪ್ರಿಯನೊಡನೆ ಓಡಿಹೋಗುವ ಮುನ್ನ ಹಾಡುವುದು ಅದರಿಂದ ಎತ್ತಿಕೊಂಡದ್ದೇ. ಯಾವ ತಕರಾರೂ ಇಲ್ಲದೆ ಅದು ಅಲ್ಲಿ ಕೂತುಕೊಂಡಿತು. ಕೇಳುವವರಿಗೆ ಅದು ಲಿಯರ್‌ನಿಂದ ಬಂದದ್ದೆಂದು ಊಹಿಸಲೂ ಆಗದು. ತಂದೆಯ ಮನೆ ಬಿಡುವ ಯಾವ ಸೊಪ್ರಾನೊ ಬೇಕಾದರೂ ಹಾಡಬಹುದಾದ ಹಾಡು ಅದು. ಕಾರ್ಡೀಲಿಯಾಳಿಗೇ ಸೇರಿದ್ದೇನೂ ಅದರಲ್ಲಿರಲಿಲ್ಲ. ಸೊಮ್ಮಾ ಕೆಟ್ಟ ಕವಿಯೆಂದು ಹಳಿಯುವುದು ಸುಲಭ. ಆದರೆ ಅವನಿಗೆ ಒಪ್ಪಿಸಿದ್ದ ಕೆಲಸವೇ, ಬಾಯಿಬಿಡದವಳ ಬಾಯಿಗೆ ಹಾಡು ತುಂಬುವುದು, ಆಗದ ಕೆಲಸವಾಗಿತ್ತು.

ಬಿರುಗಾಳಿಯ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ‘ರಿಗೊಲೆತ್ತೊ’ದ ಕೊನೆಯ ಅಂಕದಲ್ಲಿ ಗಂಡಸರ ಮೇಳ ಮರೆಯಲ್ಲಿ ಬಾಯಿಮುಚ್ಚಿ ಗುನುಗಿ ಗಾಳಿಯ ಊಳು ಹೊರಡಿಸುತ್ತದೆ. ‘ಒತೆಲ್ಲೊ’ ತೆರೆಯುವುದೇ ಬಿರುಗಾಳಿಯ ಮೇಲೆ. ಹುಚ್ಚು ಹಿಡಿದ ರಾಜನನ್ನಂತೂ ಅವನು 1842ರಲ್ಲೇ ಬರೆದಿದ್ದ: ನಬುಕ್ಕೊ ಸಿಡಿಲು ತಾಗಿ ಕಿರೀಟ ಕಳೆದುಕೊಳ್ಳುತ್ತಾನೆ, ಮಗಳೆನಿಸಿಕೊಂಡವಳು ಅವನನ್ನು ಸೆರೆಹಾಕುತ್ತಾಳೆ, ನಿಜವಾದ ಮಗಳಿಗಾಗಿ ಅವನ ಬುದ್ಧಿ ಮರಳುತ್ತದೆ. ಮಸ್ಕಾನ್ಯಿಯ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನು ನೆನೆದು ಹೇಳಿದ್ದು ಅದು; ಎಂಬತ್ತರ ಮುದುಕ ಕಿರಿಯ ಸಹೋದ್ಯೋಗಿಗೆ ಕೊಡಬಹುದಾದ ಉತ್ತರವೂ ಹೌದು. ಪೆಂಕೊ, ತೊರೆಲ್ಲಿ, ಒಪ್ಪಂದ, ಸಂಬಳ ಎಂದು ಆ ಹೊತ್ತಿನಲ್ಲಿ ಯಾರು ಹೇಳುತ್ತಾ ಕೂರುತ್ತಾರೆ? ಐವತ್ತು ವರ್ಷದ ಕಾಗದಗಳ ಎದುರು ಆ ಒಂದು ಸಂಭಾಷಣೆಗೆ ಅಷ್ಟು ತೂಕ ಕೊಡಲಾಗದು ಎಂದಷ್ಟೇ ನನ್ನ ಮಾತು.

ಪ್ಯಾರಿಸ್ಸಿನ ಪ್ರಸಂಗದಲ್ಲಿ ಮಾತ್ರ ಕಾರ್ಡೀಲಿಯಾಳ ಮೇಲೆ ಹೊರೆ ಹೊರಿಸಲು ನನಗೂ ಆಗದು. 1865ರಲ್ಲಿ ಅಲ್ಲಿನ ಒಪೆರಾಕ್ಕೆ ಹೊಸ ಕೃತಿ ಕೇಳಿದಾಗ ಲಿಯರ್ ಮತ್ತೆ ಮುಂದೆ ಬಂತು. ಅದು ಭವ್ಯ, ಕರುಳು ಹಿಂಡುವಂಥದು, ಆದರೆ ನಿಮ್ಮ ರಂಗಕ್ಕೆ ತಕ್ಕ ವೈಭವ ಅದರಲ್ಲಿಲ್ಲ ಎಂದು ವೆರ್ದಿ ಪಕ್ಕಕ್ಕಿಟ್ಟ. ಪ್ಯಾರಿಸ್ಸಿಗೆ 1867ರಲ್ಲಿ ಐದಂಕದ ‘ಡಾನ್ ಕಾರ್ಲೋಸ್’ ಸಿಕ್ಕಿತು. ಬ್ಯಾಲೆ ಮತ್ತು ಮೆರವಣಿಗೆ ಬೇಡುವ ಥಿಯೇಟರಿಗೆ ಲಿಯರ್ ಒಗ್ಗದೆಂಬುದು ವ್ಯಾಪಾರ ಬಲ್ಲವನ ತೀರ್ಪು. ಇಲ್ಲೂ ಹೆದರಿಕೆಯ ಸುಳಿವಿಲ್ಲ.

ಅತ್ಯಂತ ಗಟ್ಟಿ ಆಕ್ಷೇಪ ಕೊನೆಯ ಕಾಲದ್ದು. 1887ರ ‘ಒತೆಲ್ಲೊ’, 1893ರ ‘ಫಾಲ್‌ಸ್ಟಾಫ್’ ಹೊತ್ತಿಗೆ ಪ್ರಿಮಾ ಡೊನ್ನಾಳ ಹಳೆಯ ಪಟ್ಟು ಸಡಿಲವಾಗಿತ್ತು. ಆರಿಗೊ ಬೊಯಿತೊನಂಥ, ಷೇಕ್ಸ್‌ಪಿಯರನನ್ನು ಅರಗಿಸಿಕೊಂಡ ಲಿಬ್ರೆಟೊಕಾರ ಪಕ್ಕದಲ್ಲಿದ್ದ. ವೆರ್ದಿ ಹೇಳಿದಂತೆ ಥಿಯೇಟರು ಕುಣಿಯುತ್ತಿತ್ತು. ಆಗಲಾದರೂ ಯಾಕೆ ಬರೆಯಲಿಲ್ಲ? ‘ಫಾಲ್‌ಸ್ಟಾಫ್’ ತೆರೆಕಂಡ ದಿನ ಅವನಿಗೆ 79 ವರ್ಷ; ಒಂದು ಒಪೆರಾಕ್ಕೆ ಅವನು ಬೊಯಿತೊನೊಡನೆ ತೆಗೆದುಕೊಳ್ಳುತ್ತಿದ್ದ ಕಾಲ ಲೆಕ್ಕ ಹಾಕಿದರೆ ಉತ್ತರ ಅಲ್ಲೇ ಇದೆ. 1897ರ ನವೆಂಬರಿನಲ್ಲಿ ಹೆಂಡತಿ ಜುಸೆಪ್ಪಿನಾ ತೀರಿಕೊಂಡಳು, 1901ರ ಜನವರಿ 27ರಂದು ಅವನು. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ತಾಳ್ಮೆಯ ಹೆಣ್ಣಿಗೆ ಸಂಗೀತದಲ್ಲಿ ಜಾಗ ಮಾಡುವುದು ಹೇಗೆಂದು ಅವನಿಗೆ ಹೊಳೆದದ್ದು ‘ಒತೆಲ್ಲೊ’ದ ನಾಲ್ಕನೆಯ ಅಂಕದಲ್ಲಿ: ಡೆಸ್ಡಿಮೋನಾ ಒಂದು ಹಳೆಯ ಹಾಡನ್ನು ನೆನೆಸಿಕೊಳ್ಳುತ್ತಾಳೆ, ಪ್ರಾರ್ಥಿಸುತ್ತಾಳೆ, ಮಲಗುತ್ತಾಳೆ, ಚಪ್ಪಾಳೆಗೆಂದು ಅಲ್ಲಿ ಏನೂ ಇಲ್ಲ. ಆಗಲೂ ಮೊದಲ ಡೆಸ್ಡಿಮೋನಾ ರೊಮಿಲ್ದಾ ಪಂತಲಿಯೋನಿ ಆ ಪಾತ್ರಕ್ಕೆ ಸರಿಹೊಂದುವಳೇ ಎಂಬ ಅನುಮಾನ ಅವನನ್ನು ಬಿಡಲಿಲ್ಲ. ಅಷ್ಟಾಗಿಯೂ ಡೆಸ್ಡಿಮೋನಾ ನಾಲ್ಕೂ ಅಂಕಗಳಲ್ಲಿ ರಂಗದ ಮೇಲಿರುವವಳು. ಕಾರ್ಡೀಲಿಯಾಳದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಸಮಸ್ಯೆ.

ಲಿಯರ್‌ನ ಆಸೆ ವೆರ್ದಿಯೊಡನೆ ಮುಗಿಯಲಿಲ್ಲ. ಅವನ ಕಿರಿಯ ಸಮಕಾಲೀನ ಆಂಟೊನಿಯೊ ಕಾನ್ಯೋನಿ, ‘ಐದಾ’ದ ಪದ್ಯ ಬರೆದ ಗಿಜ್ಲಂಜೋನಿಯ ಪಠ್ಯಕ್ಕೆ ಒಂದು ‘ರೆ ಲಿಯರ್’ ಬರೆದೇಬಿಟ್ಟ. ಅದು ಮೊದಲ ಬಾರಿ ರಂಗ ಕಂಡದ್ದು 2009ರಲ್ಲಿ, ದಕ್ಷಿಣ ಇಟಲಿಯ ಮಾರ್ತೀನಾ ಫ್ರಾಂಕಾದ ಉತ್ಸವದಲ್ಲಿ. ಲೋಕದ ಒಪೆರಾ ಮನೆಗಳಲ್ಲಿ ಬೇರೂರಿದ ಲಿಯರ್ ಬಂದದ್ದು ಜರ್ಮನಿಯಿಂದ. ಬ್ಯಾರಿಟೋನ್ ಡೀಟ್ರಿಕ್ ಫಿಶರ್ ಡೀಸ್ಕಾವ್‌ನ ಒತ್ತಾಯದ ಮೇಲೆ ಅರಿಬರ್ಟ್ ರೈಮನ್ ಬರೆದ ‘ಲಿಯರ್’ 1978ರ ಜುಲೈ 9ರಂದು ಮ್ಯೂನಿಕ್‌ನಲ್ಲಿ ತೆರೆಕಂಡಿತು. ಅಲ್ಲಿ ವಿದೂಷಕ ಹಾಡುವ ಪಾತ್ರವೇ ಅಲ್ಲ, ಅವನಿಗೊಬ್ಬ ನಟ. ಕಾರ್ಡೀಲಿಯಾಗೆ ಇರುವುದು ನಾಟಕದಲ್ಲಿರುವಷ್ಟೇ ಜಾಗ. ಅವಳು ಹೋಗುತ್ತಾಳೆ, ಬಹಳ ಹೊತ್ತು ಬರುವುದೇ ಇಲ್ಲ. ಹೆಣ್ಣುದನಿಯ ಭಾರವನ್ನೆಲ್ಲ, ಚೀರಾಟ ಬಿಕ್ಕಳಿಕೆಗಳ ಸಮೇತ, ರೈಮನ್ ಹೊರಿಸಿದ್ದು ಗೊನೆರಿಲ್ ಮತ್ತು ರೀಗನ್ ಮೇಲೆ. 1850ರ ಕಾಗದದಲ್ಲಿ ವೆರ್ದಿ ಎರಡನೆಯ ಸಾಲಿಗೆ ತಳ್ಳಿದ್ದ ಹೆಂಗಸರು ಅವರೇ.